ಹಗ್ಗದ ಮಾತು ಮೊದಲು, ಬನ್ನಿ ಆಮೇಲೆ

ಕಿತ್ತೂರಿನಲ್ಲಿ ಹೆದ್ದಾರಿಯ ಪಕ್ಕ ನಮ್ಮ ಅಣ್ಣನ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಿದೆ. ಅಣ್ಣ ಎಂದರೆ ದೊಡ್ಡಪ್ಪನ ಮಗ. ಈ ವರ್ಷ ನವರಾತ್ರಿಗೆ ಇನ್ನೂ ವಾರವಿರುವಾಗ ಅವನು ನನ್ನನ್ನು ಅಲ್ಲಿಗೆ ಕರೆಸಿಕೊಂಡ. ಚಹಾ ತರಿಸಿ, ನಾನು ಅರ್ಧ ಕುಡಿಯುವವರೆಗೆ ಕಾದು, ಆಮೇಲೆ ವಿಷಯ ತೆಗೆದ.

“ಈ ಸಲ ಊರಾಗ ಮ್ಯಾಲಿನ ಓಣಿ, ಕೆಳಗಿನ ಕೇರಿ ಎಲ್ಲಾರೂ ಕೂಡಿ ಬನ್ನಿ ಹಂಚೂದು ಅಂತ ಠರಾವ್ ಆಗೇತಿ. ಗಿಡದ ಕೆಳಗ ಪೆಂಡಾಲ ಹಾಕಸ್ತೇನಿ. ನೀ ಎರಡ ಮಾತ ಆಡಬೇಕು.”

“ಏನಂತ?”

“ನೀ ಅದನ್ನ ಓದಿಯಲ್ಲೋ ತಮ್ಮಾ. ಆ ದೇಶದಾಗ ಹಂಗ ಕೂಡಿದ್ರು, ಈ ದೇಶದಾಗ ಹಿಂಗ ಮಾಫಿ ಕೇಳಿದ್ರು ಅಂತ ಕಾಲೇಜಿನಾಗ ಹೇಳ್ತಿ. ಅದನ್ನ ಐದ ಮಿನಿಟಿನಾಗ ಹೇಳು. ಸತ್ಯ ಆಯೋಗ, ಅದು ಇದು ಅಂತ ಉದ್ದ ಎಳೀಬ್ಯಾಡ. ಮಂದಿ ಊಟಕ್ಕ ಕುಂಡ್ರೂದೈತಿ.”

“ಕೆಳಗಿನ ಕೇರಿ ಆಯಿ ಬರತಾಳೇನು?”

ಅವನು ಕಪ್ಪನ್ನು ಕೆಳಗಿಟ್ಟ. “ಬರತಾಳ. ಮೊಮ್ಮಗ ಒಪ್ಪ್ಯಾನ. ಎಷ್ಟ ವರ್ಷ ಹಟಾ ಹಿಡೀತಾಳ? ನಾ ಕೊಟ್ಟ ಬನ್ನಿ ತಗೊಂಡ್ಲು ಅಂದ್ರ ಊರ ಮ್ಯಾಲಿನ ಭಾರ ಇಳದಂಗ. ಮತ್ತ ನಮ್ಮಪ್ಪಂದು ಫೋಟೋ ಇಡಸ್ತೇನಿ. ಬೆಂಕಿ ಆರಿಸಿದಾಂವ ಅಂವ. ಅದನ್ನೂ ನೀ ಒಂದ ಮಾತಿನಾಗ ಹೇಳು.”

ಒಪ್ಪಿಕೊಂಡೆನೋ ಇಲ್ಲವೋ ನನಗೇ ತಿಳಿಯಲಿಲ್ಲ. ಚಹಾ ಪೂರ್ತಿ ಕುಡಿದೆ, ಅದು ಒಪ್ಪಿಗೆ ಎಂದು ಅವನು ತಿಳಿದ. ಹೊರಗೆ ಬಂದಾಗ ರಾಣಿಯ ಪ್ರತಿಮೆ ಕಂಡಿತು, ಕುದುರೆಯ ಮೇಲೆ, ಖಡ್ಗ ಎತ್ತಿ. ಕಿತ್ತೂರು, ಸಂಗೊಳ್ಳಿ, ಬೈಲಹೊಂಗಲ, ನಮ್ಮ ಕಡೆ ಎಲ್ಲಿ ಹೋದರೂ ಆಗೊಲ್ಲ ಎಂದವರೇ ಕಟ್ಟೆಯ ಮೇಲಿದ್ದಾರೆ. ವರ್ಷಕ್ಕೊಮ್ಮೆ ಅವರಿಗೆ ಹಾರ ಹಾಕಿ ಭಾಷಣ ಮಾಡುತ್ತೇವೆ. ಜೀವಂತ ಇರುವ ಒಬ್ಬ ಮುದುಕಿ ನಲವತ್ತು ವರ್ಷ ಆಗೊಲ್ಲ ಎಂದರೆ ಮಾತ್ರ ಅದು ಹಟ.

ಬನ್ನಿಯ ವಿಷಯ ಹೇಳಬೇಕು. ದಸರೆಯ ದಿನ ನಮ್ಮಲ್ಲಿ ಬನ್ನಿ ಗಿಡದ ಎಲೆಯನ್ನು ಒಬ್ಬರಿಗೊಬ್ಬರು ಕೊಡುತ್ತಾರೆ. ಅವತ್ತು ಅದು ಎಲೆಯಲ್ಲ, ಬಂಗಾರ. ಬದುವಿಗಾಗಿ ಬಡಿದಾಡಿದವರು, ಮಾತು ಬಿಟ್ಟ ಅಣ್ಣತಮ್ಮಂದಿರು ಅವತ್ತು ಎದುರಾದರೆ ಬನ್ನಿ ಕೊಟ್ಟು “ಬಂಗಾರದಂಗ ಇರೂಣು” ಎನ್ನಬೇಕು. ಕೊಟ್ಟ ಬನ್ನಿಯನ್ನು ಬೇಡ ಎನ್ನುವಂತಿಲ್ಲ. ತೆಗೆದುಕೊಂಡ ಮೇಲೆ ಹಳೆಯದನ್ನು ಎತ್ತುವಂತಿಲ್ಲ. ಚಂದದ ಪದ್ಧತಿ. ಬದುವಿನ ಜಗಳಕ್ಕೆ ಸಾಕಾಗುವ ಪದ್ಧತಿ. ಅದರಿಂದ ಏನನ್ನು ಬೇಕಾದರೂ ಮುಚ್ಚಬಹುದು ಎಂದುಕೊಂಡದ್ದು ನಮ್ಮೂರಿನ ತಪ್ಪು.

ನಮ್ಮೂರು ಮುರಗೋಡದಿಂದ ಬಸ್ಸಿನಲ್ಲಿ ಅರ್ಧ ಗಂಟೆ. ನಾನು ಎರಡನೇ ಇಯತ್ತೆಯಲ್ಲಿದ್ದಾಗ ಒಂದು ಶನಿವಾರ ಮಧ್ಯಾಹ್ನ ಕೆಳಗಿನ ಕೇರಿಗೆ ಬೆಂಕಿ ಬಿತ್ತು. ಜೋಳ ಹಾಲುಗಾಳು ಕಟ್ಟಿ, ಹೊಲದಲ್ಲಿ ಎಳೆ ತೆನೆಯ ಸೀತನಿ ಸುಡುವ ಕಾಲ. ಕೇರಿಯವರು ಹೆಚ್ಚಿನವರು ಕೆಲಸಕ್ಕೆ ಹೋಗಿದ್ದರು. ಗುಡಿಸಲುಗಳಲ್ಲಿ ಮುಕ್ಕಾಲು ಪಾಲು ಸುಟ್ಟವು. ಆಯಿಯ ಅತ್ತೆ, ಲಕ್ವಾ ಹೊಡೆದು ಮಲಗಿದ್ದ ಮುದುಕಿ, ಒಳಗೇ ಸತ್ತಳು. ಆ ವರ್ಷ ಕೇರಿಯವರು ಮೇಲಿನ ಓಣಿಯ ಸತ್ತ ದನ ಎಳೆಯುವುದಿಲ್ಲ ಎಂದಿದ್ದರು. ಹೀಗೆ ಎರಡು ವಾಕ್ಯಗಳನ್ನು ಅಕ್ಕಪಕ್ಕ ಇಟ್ಟು ಹೇಳುವುದನ್ನು ನಮ್ಮೂರಲ್ಲಿ ಯಾರೂ ಮಾಡುವುದಿಲ್ಲ.

ಊರು ಹೇಳುವ ಕತೆ ಬೇರೆ. ಚಿಮಣಿ ಬುಡ್ಡಿ ಉರುಳಿತು. ಗಾಳಿ ಇತ್ತು. ಬಾವಿಗಳ ಹಗ್ಗ ಹಳೆಯವು, ಗದ್ದಲದಲ್ಲಿ ಹರಿದು ನೀರಿಗೆ ಬಿದ್ದವು. ಆಗ ನಮ್ಮ ದೊಡ್ಡಪ್ಪ ತನ್ನ ತೋಟದ ಬಾವಿಯಿಂದ ನೀರು ಸೇದಿ ಸೇದಿ ಬೆಂಕಿ ಆರಿಸಿದ. ಪೊಲೀಸರು ಬಂದರು, ಬರೆದುಕೊಂಡರು, ಖಟ್ಲೆ ಕೆಲವು ವರ್ಷ ನಡೆಯಿತು. ಕಂಡವರು ಯಾರೂ ಇಲ್ಲವೆಂದು ಮುಗಿಯಿತು. ಬೆಂಕಿಯ ನಂತರದ ದಸರೆಗೆ ಹಿರಿಯರು ಕೇರಿಯವರನ್ನು ಕರೆಸಿ ಬನ್ನಿ ಕೊಟ್ಟರು. ಎಲ್ಲರೂ ತೆಗೆದುಕೊಂಡರು, ಬೇರೆ ದಾರಿ ಇರಲಿಲ್ಲ. ಆಯಿ ಒಬ್ಬಳೇ ಕೈ ಚಾಚಲಿಲ್ಲ. “ಹಗ್ಗ ಎಲ್ಲಿದ್ದೂ ಹೇಳ್ರಿ. ಆಮ್ಯಾಲ ಬನ್ನಿ,” ಎಂದಳು. ಅಂದಿನಿಂದ ಪ್ರತಿ ದಸರೆಗೆ ಅದನ್ನೇ ಕೇಳಿದ್ದಾಳೆ.

ಹಗ್ಗದ ಪ್ರಶ್ನೆ ಸಣ್ಣದಲ್ಲ. ಆಗ ಊರಿಗೆ ಮೂರು ಬಾವಿ: ಕೇರಿಯದು, ಮೇಲಿನ ಓಣಿಯದು, ಗುಡಿಯ ಮುಂದಿನದು. ಬಾವಿಗೊಂದು ಹಗ್ಗ. ಅದನ್ನು ಓಣಿಯವರೆಲ್ಲ ಕೂಡಿ ಹೊಸೆಯುತ್ತಿದ್ದರು, ಹಾಗಾಗಿ ಅದು ಯಾರ ಮನೆಯದೂ ಅಲ್ಲ. ಹಗಲೂ ಇರುಳೂ ಗಾಲಿಯ ಮೇಲೇ ಇರಬೇಕು. ಬಾವಿಯ ಹಗ್ಗ ಬಿಚ್ಚಿ ಮನೆಗೆ ಒಯ್ದವನನ್ನು ಊರು ಕಳ್ಳನಿಗಿಂತ ಕೀಳಾಗಿ ಕಾಣುತ್ತಿತ್ತು. ಒಂದೇ ದಿನ ಮೂರೂ ಬಾವಿಗಳ ಹಗ್ಗ ಇರಲಿಲ್ಲ ಎಂದರೆ ಬುಡ್ಡಿ ಉರುಳಿದ ಕತೆ ನಿಲ್ಲುವುದಿಲ್ಲ.

ಆ ಹಗ್ಗಗಳನ್ನು ನಾನು ಕಂಡಿದ್ದೇನೆ.

ಕಂಡಿದ್ದೇನೆ ಎಂದು ನನಗೆ ಅನ್ನಿಸುತ್ತದೆ. ನಮ್ಮ ದನದ ಕೊಟ್ಟಿಗೆಯ ಮೂಲೆ, ಜೋಳದ ಕಣಿಕೆ ಅರ್ಧ ಮುಚ್ಚಿದ ಹಗ್ಗದ ಸಿಂಬಿಗಳು. ಮೂರು. ನಾನು ಅವುಗಳ ಮೇಲೆ ಕುಳಿತು ಸೀತನಿ ತಿನ್ನುತ್ತಿದ್ದೇನೆ. ಚಡ್ಡಿ ತೊಯ್ದು ತೊಡೆಗೆ ತಣ್ಣಗೆ ಹತ್ತುತ್ತಿದೆ. ಒಂದು ಹಗ್ಗದ ನಡುವೆ ಕೆಂಪು ಬಟ್ಟೆ ಸುತ್ತಿದೆ, ಅದರಲ್ಲಿ ಹಲ್ಲಿನ ಸಾಲಿನಂಥ ಬಿಳಿ ಗೆರೆ. ಅಪ್ಪ ಬಂದು ನನ್ನ ರಟ್ಟೆ ಹಿಡಿದು ಎತ್ತುತ್ತಾನೆ. ಬೈಯುವುದಿಲ್ಲ. ಬೈಯಲಿಲ್ಲ ಎಂಬುದೇ ನೆನಪಿನ ಕೊನೆ.

ಇದು ಬೆಂಕಿಯ ಮೊದಲೋ, ಆಮೇಲೋ? ಮೊದಲಾದರೆ ಅಪ್ಪನಿಗೆ ಎಲ್ಲ ಗೊತ್ತಿತ್ತು. ಆಮೇಲಾದರೆ ಗದ್ದಲದಲ್ಲಿ ಬಿದ್ದ ಹಗ್ಗಗಳನ್ನು ಬಾವಿಯಿಂದ ಎತ್ತಿ ತಂದು ಇಟ್ಟಿರಬಹುದು. ಧಾರವಾಡದಲ್ಲಿ ನಾನು ಕಲಿತದ್ದು ಮುಖ್ಯವಾಗಿ ಸಂಶಯಪಡುವುದನ್ನು. ನೆನಪು ತೆಗೆದಾಗಲೆಲ್ಲ ಹೊಸದಾಗಿ ಬರೆಯಲ್ಪಡುತ್ತದೆ ಎಂದು ಓದಿದೆ. ಬಿಳಿ ಗೆರೆಯ ಆ ಕೆಂಪು, ಇಳಕಲ್ ಸೀರೆಯ ಸೆರಗಿನದು. ಅವ್ವನೂ ಅದನ್ನೇ ಉಡುತ್ತಿದ್ದಳು. ಅವ್ವನ ಸೆರಗನ್ನೇ ತಂದು ನನ್ನ ತಲೆ ಆ ಹಗ್ಗಕ್ಕೆ ಸುತ್ತಿರಬಹುದು. ಹೀಗೆ ನಾನು ನನ್ನ ಸಾಕ್ಷಿಯನ್ನು ನಾನೇ ಪಾಟೀಸವಾಲು ಮಾಡಿ, ನಾನೇ ಖುಲಾಸೆ ಮಾಡಿ, ಇಪ್ಪತ್ತೈದು ವರ್ಷ ಬೇರೆ ದೇಶಗಳ ಸಾಕ್ಷಿಗಳ ಬಗ್ಗೆ ಪಾಠ ಹೇಳಿದೆ. ಆ ದೂರದ ದೇಶಗಳ ತಾಯಂದಿರು ಕಾಣೆಯಾದ ಮಕ್ಕಳ ಎಲುಬು ಕೇಳಿದ್ದನ್ನು ಹೇಳುವಾಗ ನನ್ನ ಧ್ವನಿ ಗದ್ಗದವಾಗುತ್ತದೆ ಎಂದು ವಿದ್ಯಾರ್ಥಿಗಳು ಮೆಚ್ಚುತ್ತಾರೆ.

ಕಿತ್ತೂರಿನಿಂದ ಬಂದ ಮೂರನೇ ದಿನ ರಾಮದುರ್ಗಕ್ಕೆ ಹೋದೆ. ಅಲ್ಲಿ ಅಕ್ಕನ ಮನೆ. ಬೆಂಕಿ ಬಿದ್ದಾಗ ಅವಳಿಗೆ ಹನ್ನೊಂದು ವರ್ಷ. ಅವಳು ಅಂಗಳದಲ್ಲಿ ಶೇಂಗಾ ಒಡೆಯುತ್ತ ಕುಳಿತಿದ್ದಳು. ನಾನು ಕೇಳಿದ್ದಕ್ಕೆ ಕೈ ನಿಲ್ಲಿಸಲೂ ಇಲ್ಲ.

“ಹಗ್ಗಾ ಬೆಂಕಿ ಮರುದಿನ ತಂದಿಟ್ಟಿದ್ರು. ಬಾವ್ಯಾನ ತಗದು.”

“ಮರುದಿನ ಅಂತ ಹೆಂಗ ಹೇಳ್ತಿ?”

“ಹೆಂಗ ಅಂದ್ರ? ಅಪ್ಪ ಹಂಗ ಹೇಳಿದ್ದ.”

“ನೀ ಕಂಡಿದ್ದೇನ?”

“ನೀ ಕಂಡಿದ್ದೇನ ದೊಡ್ಡ ಶ್ಯಾಣ್ಯಾ?”

“ಅವು ಹಸೀ ಇದ್ದೂ. ಒಂದಕ್ಕ ಕೆಂಪ ಅರಿಬಿ ಸುತ್ತಿತ್ತು. ಅವುಗಳ ಮ್ಯಾಲ ಕುಂತು ನನ್ನ ಚಡ್ಡಿ ತೊಯ್ದಿತ್ತು.”

ಅಕ್ಕ ಈಗ ಕೈ ನಿಲ್ಲಿಸಿದಳು, ನಗುವುದಕ್ಕೆ. ಬಾಯಿಯ ಶೇಂಗಾ ನೆತ್ತಿಗೇರಿ ಕೆಮ್ಮಿದಳು. “ಯಪ್ಪಾ! ಚಡ್ಡಿ ತೊಯ್ದಿತ್ತಂತ! ನೀ ಮೂರನೇ ಇಯತ್ತೆತನಾ ಚಡ್ಡ್ಯಾಗ ಉಚ್ಚಿ ಹೊಯ್ಕೋತಿದ್ದಿ. ಅದನ್ನ ಹಿಡಕೊಂಡು ಸತ್ತ ಅಪ್ಪನ ಮ್ಯಾಲ ಖಟ್ಲೆ ಹೂಡಾಕ ಬಂದಿಯೇನ? ಕೆಂಪ ಅರಿಬಿ ಅಂತ, ಎತ್ತಿನ ಗೊಂಡೇ ಇದ್ದಿರಬೇಕ ಅದು.” ಆಮೇಲೆ ನಗು ನಿಂತು, ಮೊರವನ್ನು ಒಮ್ಮೆ ತಟ್ಟಿದಳು. “ನಿನಗ ಅಷ್ಟ ಸಂಶೆ ಇದ್ರ ನಮ್ಮ ಮನ್ಯಾಗ ದುಡೀತಿದ್ನಲ್ಲ, ಆ ಆಳನ್ನ ಕೇಳು. ಅಂವ ಇನ್ನ ಅದಾನ.”

ಆಳು ಇನ್ನೂ ಇದ್ದ. ಎಪ್ಪತ್ತು ದಾಟಿ, ಎರಡೂ ಕಣ್ಣಿಗೆ ಪೊರೆ ಬಂದು, ನಮ್ಮೂರ ಅಗಸಿಯ ಕಟ್ಟೆಯ ಮೇಲೆ ಕುಳಿತಿರುತ್ತಿದ್ದ. ಅಲ್ಲಿಗೆ ಹೋದೆ. ನನ್ನ ಧ್ವನಿಯಿಂದಲೇ ಗುರುತು ಹಿಡಿದು ಎದ್ದು ನಿಂತ. ನಾನು ಹಗ್ಗ ಎನ್ನುತ್ತಲೇ ಕೈ ಮುಗಿದ.

“ನನಗೇನೂ ನೆನಪಿಲ್ರಿ ಸಣ್ಣ ಸಾವ್ಕಾರ್ರ. ತಲಿ ಅಂಬೂದು ಮೊದಲಿನಂಗ ಇಲ್ರಿ.”

ನಾನು ನನ್ನ ಬಗ್ಗೆ ಹೇಳಿಕೊಳ್ಳುವ ಮಾತೇ ಇದು. ಅವನು ಹೇಳಿದಾಗ ಮಾತ್ರ ಅದು ನನಗೆ ಸುಳ್ಳೆಂದು ಕೇಳಿಸಿತು.

ಅಲ್ಲಿಂದ ನೇರವಾಗಿ ಕೆಳಗಿನ ಕೇರಿಗೆ ನಡೆದೆ. ಯೋಚಿಸಿದ್ದರೆ ಹೋಗುತ್ತಿರಲಿಲ್ಲ. ಈಗ ಅಲ್ಲಿ ಗುಡಿಸಲುಗಳಿಲ್ಲ, ಸಾಲು ಆರ್‌ಸಿಸಿ ಮನೆ. ಆಯಿ ಬಾಗಿಲ ಕಟ್ಟೆಯ ಮೇಲೆ ಮೆಂತೆ ಸೊಪ್ಪು ಸೋಸುತ್ತಿದ್ದಳು. ಸಣ್ಣ ಮೈಯವಳು, ಬೆನ್ನು ನೆಟ್ಟಗೆ. ಮೊಮ್ಮಗ ಪಂಚಾಯತಿ ಮೆಂಬರ. ಅವನು ಒಳಗಿಂದ ಕುರ್ಚಿ ತಂದಿಟ್ಟ. ಆಯಿ ಅದನ್ನು ನೋಡಿ, “ಕೆಳಗ ಕುಂಡ್ರಲಿ. ಮಾತು ಕೇಳ್ಸೂದಿಲ್ಲ ನನಗ,” ಎಂದಳು. ಅವಳ ಕಿವಿ ಚೆನ್ನಾಗಿಯೇ ಇತ್ತು. ನಾನು ಕೆಳಗೆ ಕುಳಿತೆ.

ನೆನಪನ್ನು ಹೇಳಿದೆ. ಅದರ ಜೊತೆ ಎಲ್ಲ ಸಂಶಯವನ್ನೂ ಹೇಳಿದೆ. ಮೊದಲೋ ಆಮೇಲೋ ತಿಳಿಯದು, ಚಡ್ಡಿ ಯಾಕೆ ತೊಯ್ದಿತ್ತೋ ತಿಳಿಯದು, ಬಟ್ಟೆ ಅವ್ವನ ಸೆರಗೋ ಎತ್ತಿನ ಗೊಂಡೆಯೋ ತಿಳಿಯದು. ಅವಳು ಸೊಪ್ಪಿನ ಕಡ್ಡಿ ಮುರಿಯುತ್ತ ಪೂರ್ತಿ ಕೇಳಿದಳು.

“ಆತೇನ?”

“ಆತು.”

“ಅರಿಬಿ ಕೆಂಪು ಅಂದಿ. ಬರೇ ಕೆಂಪೇನು?”

“ಬಿಳೀ ಗೆರಿ ಇದ್ದೂ.”

“ಗಂಟು ಎಷ್ಟಿದ್ದೂ?”

ಅದನ್ನು ಯಾರೂ ನನಗೆ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಕಣ್ಣು ಮುಚ್ಚಿದೆ. ಹಗ್ಗದ ಮೇಲೆ ನನ್ನ ಬೆರಳು ಆಡುತ್ತಿದ್ದದ್ದು ತಿಳಿಯಿತು. “ಎರಡು. ಆ ತುದಿಗೊಂದು, ಈ ತುದಿಗೊಂದು.”

ಆಯಿ ಸೊಪ್ಪು ಬಿಟ್ಟಳು. ಕೈಯನ್ನು ಸೀರೆಗೆ ಒರೆಸಿಕೊಂಡಳು.

“ಕೇರಿ ಬಾವಿ ಹಗ್ಗ ನಡಕ ಸವದಿತ್ತು,” ಎಂದಳು. “ಕೈಗೆ ಶಿಬರ ಚುಚ್ಚತಿತ್ತು. ಅವತ್ತ, ಅವತ್ತ ಮುಂಜಾನಿ, ನೀರಿಗೆ ಹ್ವಾದಾಗ ನನ್ನ ಹಳೇ ಸೀರಿ ಸೆರಗ ಹರದು ಸುತ್ತಿ ಎರಡೂ ಕಡೆ ಬಿಗದೆ. ನಾಕ ಕೊಡಾ ಸೇದಿ ಹೊಲಕ್ಕ ಹ್ವಾದೆ. ಹೊಗಿ ಕಂಡು ಓಡಿ ಬಂದಾಗ ಗಾಲಿ ಮ್ಯಾಲ ಹಗ್ಗ ಇರಲಿಲ್ಲ. ಬಾವ್ಯಾಗ ಇಣಿಕಿ ನೋಡೇನಿ, ಅಲ್ಲೂ ಇರಲಿಲ್ಲ.” ನನ್ನತ್ತ ತಿರುಗಿದಳು. “ನೀ ಮೊದಲೋ ಆಮ್ಯಾಲೋ ಅಂತ ಯಾಕ ಒದ್ದ್ಯಾಡ್ತಿ? ಮೊದಲು ಆಮ್ಯಾಲ ನನಗ ಗೊತ್ತೈತಿ. ಎಲ್ಲಿ ಅನ್ನೂದ ನಿನಗ ಗೊತ್ತಿತ್ತು. ಅಷ್ಟ ನೋಡು.”

ಅಷ್ಟೇ ಇತ್ತು. ನಲವತ್ತು ವರ್ಷ ಅವಳ ಅರ್ಧ ಸಾಕ್ಷಿ ಕೆಳಗಿನ ಕೇರಿಯಲ್ಲೂ ನನ್ನ ಅರ್ಧ ನನ್ನ ತಲೆಯಲ್ಲೂ ಇದ್ದವು. ನಡುವಿನ ದಾರಿ ಐದು ನಿಮಿಷದ್ದು. ಪೂರ್ತಿ ಖಾತ್ರಿಯಾಗುವವರೆಗೆ ಬಾಯಿ ತೆರೆಯಬಾರದು ಎಂಬುದನ್ನು ನಾನು ಪ್ರಾಮಾಣಿಕತೆ ಎಂದುಕೊಂಡಿದ್ದೆ. ಅದು ನಾನು ಅಡಗಿಕೊಂಡ ಕೊಟ್ಟಿಗೆ.

“ತ್ವಾಟದ ಬಾವಿಯಿಂದ ದೊಡ್ಡಪ್ಪ ನೀರ ಸೇದಿದ್ದು ಖರೇ ಏನು?” ಎಂದು ಕೇಳಿದೆ.

“ಅದು ನನಗ ಗೊತ್ತಿಲ್ಲಪಾ. ನಾ ಅತ್ತೀನ ಎಳ್ಯಾಕ ಹತ್ತಿದ್ದೆ. ತ್ವಾಟಕ್ಕ ಬೇಲಿ ಇತ್ತು, ನಾಯಿ ಇತ್ತು. ನೀರ ಹಾಕಿ ಆರಿಸಿದ್ದ ನಾ ಕಂಡಿಲ್ಲ. ಸುಡೂದ ಮುಗದಿಂದ ಆರಿತು.” ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಅವಳಿಗೆ ಯಾವ ವಿಶ್ವವಿದ್ಯಾಲಯವೂ ಬೇಕಾಗಿರಲಿಲ್ಲ.

ಮೊಮ್ಮಗ ಬಾಗಿಲಿಗೆ ಒರಗಿ ನಿಂತಿದ್ದ. “ಆಯಿ, ಇದನ್ನ ಇಲ್ಲೇ ಮುಗಸೂಣು. ಇವ್ರು ಬಂದು ಹೇಳಿದ್ರಲ್ಲ. ದಸರೆಕ ಸುಮ್ಮ ಬನ್ನಿ ತಗೋ. ನಮಗ ನಾಳೆ ಊರಾಗ ಬಾಳೂದೈತಿ.”

“ಬಾಳು, ಯಾರ ಬ್ಯಾಡಂದಾರ? ನಿನ್ನ ಹಸ್ತದ ಮ್ಯಾಲ ಎಷ್ಟ ಬನ್ನಿ ಬೇಕಾದ್ರೂ ತಗೋ. ನಂದು ನನ್ನ ಹಸ್ತ.” ಮತ್ತೆ ನನಗೆ: “ನನ್ನ ಮುಂದ ಹೇಳಿದ್ರ ಏನ್ ಬಂತು? ನನಗ ಗೊತ್ತ ಇದ್ದದ್ದ ಅದು. ಅಲ್ಲಿ, ಗಿಡದ ಕೆಳಗ, ಎಲ್ಲಾರ ಮುಂದ ಹೇಳ್ತೀಯೇನ? ನಿಮ್ಮಪ್ಪನ ಕೊಟಿಗಿ ಅಂತ ಹೇಳ್ತೀಯೇನ?”

ಹೇಳುತ್ತೇನೆ ಎಂದೆ. ಹೇಳುವಾಗ ನಾಲಿಗೆ ಒಣಗಿತ್ತು. ಅವಳು ಅದನ್ನೂ ಗಮನಿಸಿ, “ನೀರ ಕುಡದು ಹೋಗು,” ಎಂದಳು.

ಅವ್ವ ಬೈಲಹೊಂಗಲದಲ್ಲಿ ನಮ್ಮ ಜೊತೆಯೇ ಇದ್ದಾಳೆ. ದಸರೆಯ ದಿನ ಬೆಳಿಗ್ಗೆ ಅವಳು ಕಡಬು ಮಾಡುತ್ತಿದ್ದಾಗ ಎಲ್ಲವನ್ನೂ ಹೇಳಿದೆ. ಅಪ್ಪನ ಹೆಸರು ಹಿಡಿಯುತ್ತೇನೆ ಎಂದೆ. ಅಕ್ಕ ನಕ್ಕದ್ದನ್ನೂ ಹೇಳಿದೆ, ಅದೊಂದಕ್ಕಾದರೂ ಅವ್ವ ನಗಲಿ ಎಂದು. ಅವಳು ಹೂರಣ ತುಂಬುತ್ತಲೇ ಇದ್ದಳು. ನಾನು ಎದ್ದು ಚಪ್ಪಲಿ ಮೆಟ್ಟಿಕೊಳ್ಳುವಾಗ ಹಿಂದಿನಿಂದ ಧ್ವನಿ ಬಂತು.

“ಅದು ಉಚ್ಚಿ ಅಲ್ಲ.”

ತಿರುಗಿ ನೋಡಿದೆ.

“ಆ ಚಡ್ಡಿ ಒಗದಾಕಿ ನಾನು. ಬಾವಿ ನೀರು ಅದು. ಮಧ್ಯಾಹ್ನ ಒಗದು ಒಣಹಾಕುಮುಂದ ಹೊಗಿ ಕಂಡಿತು.” ಮುಂದಿನ ಕಡಬನ್ನು ಮಡಚಿ ಅಂಚು ಒತ್ತಿದಳು. “ಹೋಗಿ ಬಾ. ಹೊಳ್ಳಿ ಬಂದಿಂದ ನನ್ನ ಏನೂ ಕೇಳಬ್ಯಾಡ.”

ಕೇಳಿಲ್ಲ. ಇಲ್ಲಿ ಬರೆಯುತ್ತಿದ್ದೇನೆ. ಅವಳಿಗೆ ಓದಲು ಬರುತ್ತದೆ.

ಬನ್ನಿ ಗಿಡ ನಮ್ಮೂರ ಹೊರಗೆ ಹಳ್ಳದ ದಂಡೆಯಲ್ಲಿದೆ. ಮಧ್ಯಾಹ್ನ ಮೂರಕ್ಕೆ ಪೆಂಡಾಲು ತುಂಬಿತ್ತು. ಮೇಲಿನ ಓಣಿಯವರು ಕುರ್ಚಿಗಳಲ್ಲಿ, ಕೇರಿಯವರು ತಾಡಪತ್ರಿಯ ಮೇಲೆ. ಕುರ್ಚಿ ಕಡಿಮೆ ಬಿದ್ದವಂತೆ. ವೇದಿಕೆಯಲ್ಲಿ ದೊಡ್ಡಪ್ಪನ ಫೋಟೋಕ್ಕೆ ಚೆಂಡುಹೂವಿನ ಮಾಲೆ. ಅಣ್ಣ ರೇಶ್ಮೆ ರುಮಾಲು ಸುತ್ತಿಕೊಂಡು, ಒಂದು ಬೆಳ್ಳಿ ತಾಟಿನಲ್ಲಿ ಬನ್ನಿ ಇಟ್ಟುಕೊಂಡು ನಿಂತಿದ್ದ. ಆಯಿ ಮುಂದಿನ ಸಾಲಿನಲ್ಲಿ, ಮೊಮ್ಮಗನ ಪಕ್ಕ.

ಬರೆದುಕೊಂಡು ಹೋದ ಕಾಗದ ತೆಗೆಯಲಿಲ್ಲ. ಬೇರೆ ದೇಶಗಳ ಸುದ್ದಿ ಹೇಳುವುದಿಲ್ಲ, ನಮ್ಮ ಮನೆಯ ಕೊಟ್ಟಿಗೆಯ ಸುದ್ದಿ ಹೇಳುತ್ತೇನೆ ಎಂದು ಮೊದಲು ಮಾಡಿದೆ. ಬೆಂಕಿ ಬಿದ್ದ ದಿನ, ಬೆಂಕಿ ಬೀಳುವ ಮೊದಲು, ಮೂರು ಬಾವಿಗಳ ಹಗ್ಗ ನನ್ನ ಅಪ್ಪನ ದನದ ಕೊಟ್ಟಿಗೆಯಲ್ಲಿ ಕಣಿಕೆಯ ಕೆಳಗೆ ಇದ್ದವು. ಹಸಿಯಾಗಿದ್ದವು. ನಾನು ಅವುಗಳ ಮೇಲೆ ಕುಳಿತಿದ್ದೆ. ಕೇರಿಯ ಬಾವಿಯ ಹಗ್ಗಕ್ಕೆ ಕೆಂಪು ಸೆರಗು ಸುತ್ತಿತ್ತು. ಬಿಚ್ಚಿದವರು ಯಾರು ನನಗೆ ಗೊತ್ತಿಲ್ಲ. ಬೆಂಕಿ ಹಚ್ಚಿದವರು ಯಾರು ಗೊತ್ತಿಲ್ಲ. ಅಪ್ಪನಿಗೆ ಗೊತ್ತಿತ್ತು. ಅವನು ಹೇಳದೆ ಸತ್ತ. ನಾನು ಹೇಳದೆ ಇಷ್ಟು ದಿನ ಬದುಕಿದೆ.

‘ಕೊಟ್ಟಿಗೆ’ ಎನ್ನುವಾಗಲೇ ಮೈಕು ಸತ್ತಿತ್ತು. ಯಾರು ಬಂದ್ ಮಾಡಿಸಿದರು ಎಂದು ನೋಡುವ ಗೋಜಿಗೆ ಹೋಗಲಿಲ್ಲ. ತರಗತಿಯಲ್ಲಿ ಹಿಂದಿನ ಬೆಂಚಿಗೆ ಕೇಳಿಸುವಂತೆ ಇಪ್ಪತ್ತೈದು ವರ್ಷ ಕೂಗಿದ ಗಂಟಲು ಅವತ್ತು ಉಪಯೋಗಕ್ಕೆ ಬಂತು. ಉಳಿದದ್ದನ್ನು ಕೂಗಿಯೇ ಹೇಳಿದೆ.

“ಲೇ, ಸಾಕು ಮಾಡೋ!” ಎಂದಿತು ಕುರ್ಚಿಗಳಲ್ಲೊಂದು ಧ್ವನಿ. “ಹೆತ್ತಪ್ಪನ ಮಾರಿಗೆ ಮಸಿ ಬಳ್ಯಾಕ ಅಷ್ಟ ಓದಿದೇನ?”

“ಕೂಸಿದ್ದಾಗ ಕಂಡದ್ದಂತ! ಅಂವಗ ನಿನ್ನಿ ಉಂಡದ್ದ ನೆನಪಿರೂದಿಲ್ಲ!” ಎಂದಿತು ಇನ್ನೊಂದು. ಕೆಲವರು ನಕ್ಕರು.

“ಖರೇ,” ಎಂದೆ. “ನನ್ನ ನೆನಪು ಭಾಳ ಕಚ್ಚಾ. ನಿಮ್ಮದು ಗಟ್ಟಿ ಇದ್ರ ಎದ್ದ ನಿಂತ ಹೇಳ್ರಿ. ಅವತ್ತ ಹಗ್ಗ ಎಲ್ಲಿದ್ದೂ?”

ಯಾರೂ ಎದ್ದು ನಿಲ್ಲಲಿಲ್ಲ. ಅಗಸಿಯ ಕಡೆಯ ಕಂಬಕ್ಕೆ ಒರಗಿ ನಮ್ಮ ಹಳೆಯ ಆಳು ಕುಳಿತಿದ್ದ. ಪೊರೆ ಬಂದ ಕಣ್ಣುಗಳನ್ನು ನೆಲಕ್ಕೆ ಇಟ್ಟಿದ್ದ.

ಅಣ್ಣ ಜಾಣ. ನನ್ನನ್ನು ದಾಟಿ ಕೆಳಗಿಳಿದು, ತಾಟಿನಿಂದ ಬನ್ನಿ ತೆಗೆದು ಆಯಿಯ ಮುಂದೆ ಬಾಗಿದ. ಫೋಟೋ ತೆಗೆಯುವವನೂ ಬಾಗಿದ. “ಆಯಿ, ಅಂವ ಹೇಳೂದ ಹೇಳಿದ. ನಿಮ್ಮ ಮಾತೂ ನಡೀತು. ಇನ್ನ ತಗೋರಿ. ಬಂಗಾರದಂಗ ಇರೂಣು.”

ಆಯಿ ಎದ್ದು ನಿಂತಳು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು, ಸಾಲೆಯಲ್ಲಿ ಮಾಸ್ತರ ಮುಂದೆ ನಿಲ್ಲುವ ಹುಡುಗಿಯ ಹಾಗೆ, ಆದರೆ ತಲೆ ಮೇಲೆತ್ತಿ. “ಎಲ್ಲಿದ್ದೂ ಅನ್ನೂದ ಆತು. ಬಿಚ್ಚಿದ ಕೈ ಯಾವು ಅನ್ನೂದ ಇನ್ನ ಆಗಿಲ್ಲ. ಅದೂ ಆಗಲಿ. ಅಲ್ಲೀತನಾ ಬಂಗಾರ ನಿಮ್ಮ ಹಂತ್ಯಾಕನ ಇರ್ಲಿ.”

ಅವಳು ಹೊರಟಳು. ಮೊಮ್ಮಗ ಒಂದು ಗಳಿಗೆ ಅಣ್ಣನ ತಾಟು ನೋಡಿದ, ಒಂದು ಗಳಿಗೆ ಅವಳ ಬೆನ್ನು ನೋಡಿದ. ಆಮೇಲೆ ತಾಡಪತ್ರಿಯಿಂದ ಚಪ್ಪಲಿ ಹುಡುಕಿಕೊಂಡು ಅವಳ ಹಿಂದೆ ನಡೆದ. ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಊಟಕ್ಕೆ ಮಾಡಿದ ಹುಗ್ಗಿ ಬಹಳ ಉಳಿಯಿತಂತೆ. ನನಗೆ ಅಲ್ಲಿ ಯಾರೂ ಬನ್ನಿ ಕೊಡಲಿಲ್ಲ. ನಾನೂ ಕೊಡಲಿಲ್ಲ.

ಅವತ್ತು ಊರಲ್ಲೇ ಹಳೆಯ ಗೆಳೆಯನ ಮನೆಯಲ್ಲಿ ಉಳಿದೆ. ಅವನು ಮುಖ ಕೊಟ್ಟು ಮಾತಾಡಲಿಲ್ಲ, ಹಾಸಿಗೆ ಮಾತ್ರ ಹಾಸಿಕೊಟ್ಟ. ಮರುದಿನ ಮುಂಜಾನೆ ಬಸ್ ನಿಲ್ದಾಣಕ್ಕೆ ಬಂದಾಗ ಆಳು ಅಲ್ಲಿ ಕೋಲು ಹಿಡಿದು ನಿಂತಿದ್ದ. ಕಣ್ಣು ತೋರಿಸಲು ಸವದತ್ತಿಗೆ ಹೊರಟಿದ್ದ. ಬಸ್ಸು ಬಂತು. ನಾನು ಅವನ ರಟ್ಟೆ ಹಿಡಿದು ಹತ್ತಿಸಿದೆ. ಎರಡನೇ ಮೆಟ್ಟಿಲ ಮೇಲೆ ನಿಂತು ಅವನು ನನ್ನ ಕಡೆ ಬಗ್ಗಿದ. ಬಾಯಿಯಿಂದ ತಂಬಾಕಿನ ವಾಸನೆ ಬಂತು.

“ನೀವು ನಿನ್ನಿ ಮೂರು ಅಂದ್ರಿ.”

“ಹೌದು.”

“ಮೂರಲ್ರಿ. ನಾಕು. ಅಡಿಯಾಗ ಒಂದಿತ್ತು. ತ್ವಾಟದ ಬಾವೀದು.” ಉಸಿರು ತೆಗೆದುಕೊಂಡ. “ಅದನ್ನ ಬಿಚ್ಚಿದಾಂವ ನಾನು. ನಿಮ್ಮ ದೊಡ್ಡಪ್ಪಾರು, ದೊಡ್ಡ ಸಾವ್ಕಾರ್ರು, ನಿಂತು ಬಿಚ್ಚಿಸಿದ್ರು.”

ಕಂಡಕ್ಟರ್ ಸೀಟಿ ಊದಿದ. ಇಳಿಯಿರಿ, ಕೇರಿಗೆ ಹೋಗೋಣ ಎಂದೆ. ಅವನು ಕೇಳಿಸದವನಂತೆ ಒಳಗೆ ಸರಿದ. ಬಾಗಿಲು ಮುಚ್ಚಿತು. ಮುರಗೋಡದವರೆಗೆ ನಾನು ಹತ್ತಬೇಕಾದ ಬಸ್ಸೂ ಅದೇ ಆಗಿತ್ತು.

ನಾಲ್ಕು. ದೊಡ್ಡಪ್ಪ ಬೆಂಕಿ ಆರಿಸಲು ನೀರು ಸೇದಿದನೆಂಬ ಬಾವಿಗೆ ಆ ದಿನ ಹಗ್ಗವೇ ಇರಲಿಲ್ಲ. ಫೋಟೋಕ್ಕೆ ಹಾಕಿದ ಚೆಂಡುಹೂ ಇನ್ನೂ ಬಾಡಿರಲಿಕ್ಕಿಲ್ಲ. ನನ್ನ ನೆನಪು ತಪ್ಪಿತ್ತು, ಒಂದು ಹಗ್ಗದಷ್ಟು, ನಮ್ಮ ಮನೆತನದ ಪರವಾಗಿ. ಇನ್ನು ಮೇಲೆ ಯಾರಾದರೂ ನಿನ್ನ ನೆನಪು ಕಚ್ಚಾ ಎಂದರೆ ಹ್ಞೂ ಎನ್ನುತ್ತೇನೆ. ತಿದ್ದುವವರು ಬರಲಿ ಎಂದೇ ಅದನ್ನು ಹೊರಗೆ ಇಡಬೇಕು.

ಕೇರಿಗೆ ನಡೆದು ಆಯಿಗೆ ಹೇಳಿದೆ. ಅವಳು ಮೊದಲ ಸಲ ನನ್ನೆದುರು ನಕ್ಕಳು. ಹಲ್ಲಿಲ್ಲದ ಬಾಯಿ.

“ಭಾಳ ಶ್ಯಾಣ್ಯಾ ಮಾಸ್ತರ ನೀ. ನಾಕರ ಮ್ಯಾಲ ಕುಂತು ಮೂರು ಎಣಸಿದಿ.” ಆಮೇಲೆ ನಗು ಇಳಿಯಿತು. “ಅಂವ ನಿನ್ನ ಮುಂದ ಹೇಳಿದ್ನಲ್ಲ. ನನ್ನ ಮುಂದ ಹೇಳ್ಬೇಕಲ್ಲ.”

“ಹೇಳ್ತಾನೋ ಇಲ್ಲೋ ಆಯಿ. ಹೆದರ್ಯಾನ.”

“ನಾನೂ ಹೆದರಿದ್ದೆ. ಹೆದರಿದವರ ಬಾಯಿ ಹೊಲದಿರ್ತಾರೇನ? ಸವದತ್ತಿಯಿಂದ ಸಂಜಿ ನಾಕಕ್ಕ ಬಸ್ಸು ಹೊಳ್ಳಿ ಬರತೈತಿ. ನಡಿ.”

“ಇನ್ನ ಮಧ್ಯಾಹ್ನಾನೂ ಆಗಿಲ್ಲ.”

“ಆಗದಿದ್ರ ಬಿಡು. ರೊಟ್ಟಿ ಕಟಗೋತೀನಿ.”

ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಇಬ್ಬರೂ ಕುಳಿತೆವು. ಹೋಗುವವರು ಬರುವವರು ನೋಡಿದರು. ಮೇಲಿನ ಓಣಿಯ ಒಬ್ಬರು ಮೋಟಾರ್‌ಸೈಕಲ್ ನಿಧಾನ ಮಾಡಿ, ನಮ್ಮಿಬ್ಬರನ್ನು ನೋಡಿ, ಮತ್ತೆ ಜೋರು ಮಾಡಿಕೊಂಡು ಹೋದರು. ಆಯಿ ರೊಟ್ಟಿಯ ಮೇಲೆ ಮೆಂತೆ ಪಲ್ಯ ಹಾಕಿ ಅರ್ಧ ಮುರಿದು ನನಗೆ ಕೊಟ್ಟಳು.

“ಅಂವ ನಿಮ್ಮನ್ನ ಕಂಡು ಇಳೀದ ಹಂಗ ಮುಂದ ಹೋದ್ರ?” ಎಂದೆ.

“ಅಂವಗ ಕಾಣ್ತೈತೇನು? ಕಣ್ಣಿಗೆ ಔಷಧ ಹಾಕಿಸ್ಕೊಂಡ ಬಂದಿರ್ತಾನ,” ಎಂದಳು. “ಇಳದ ಮ್ಯಾಲ ಗೊತ್ತಾಗ್ತೈತಿ, ಎದುರಿಗೆ ಯಾರ ಅದಾರ ಅಂತ.”

ನಾಲ್ಕರ ಹೊತ್ತಿಗೆ ರಸ್ತೆಯ ಆ ಬದಿ, ಮುರಗೋಡದ ಕಡೆಯ ತಿರುವಿನಲ್ಲಿ, ಬಸ್ಸಿನ ಧೂಳು ಎದ್ದಿತು. ಆಯಿ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.